ಗಾಲಿಯ ಮೇಲಿನ ಮನೆ: ನೀರು, ಕರೆಂಟು, ಗ್ಯಾಸಿನ ಲೆಕ್ಕ

ಥರ್ಮೋಡೈನಮಿಕ್ಸ್ ಮೊದಲ ಕ್ಲಾಸಿನಲ್ಲಿ ನಾವೆಲ್ಲ ಚುಕ್ಕೆಗೆರೆಯ ಒಂದು ಡಬ್ಬಿ ಬರೆದಿರ್ತೀವಿ. ಅದರ ಹೆಸರು ಕಂಟ್ರೋಲ್ ವಾಲ್ಯೂಮ್. ಒಳಗೆ ಏನು ಬಂತು, ಹೊರಗೆ ಏನು ಹೋಯ್ತು, ಒಳಗೇ ಎಷ್ಟು ಉಳೀತು ಅಂತ ಲೆಕ್ಕ ಮಾಡಿ, ಪರೀಕ್ಷೆ ಮುಗಿಸಿ ಮರೆತುಬಿಡ್ತೀವಿ. ಆದರೆ ಅಂಥದ್ದೊಂದು ಡಬ್ಬಿಯೊಳಗೆ ವರ್ಷಪೂರ್ತಿ ಬದುಕೋ ಜನ ಇದ್ದಾರೆ. ಅಮೆರಿಕದಲ್ಲಿ ರಿಕ್ರಿಯೇಷನಲ್ ವೆಹಿಕಲ್, ಅಂದ್ರೆ ಆರ್‌ವಿಯನ್ನೇ ಮನೆ ಮಾಡಿಕೊಂಡವರಿಗೆ ‘ಫುಲ್‌ಟೈಮರ್’ ಅನ್ನುತ್ತಾರೆ. ಅವರಿಗೆ ಇನ್‌ಪುಟ್-ಔಟ್‌ಪುಟ್ ಲೆಕ್ಕ ತಪ್ಪಿದರೆ ಹೋಗೋದು ಮಾರ್ಕ್ಸ್ ಅಲ್ಲ. ನಡುರಾತ್ರಿ ಬಿಸಿ ಹೋಗುತ್ತೆ, ನೀರು ಹೋಗುತ್ತೆ, ಕೆಲವು ಸಲ ಜೀವವೂ ಹೋಗುತ್ತೆ.

ಹಾಸ್ಟೆಲ್‌ನಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತೆ, ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತೆ, ಫ್ಲಶ್ ಮಾಡಿದ್ದು ಎಲ್ಲಿಗೆ ಹೋಗುತ್ತೆ ಅಂತ ನಾವು ಯಾರೂ ಕೇಳಲ್ಲ. ಆರ್‌ವಿಯಲ್ಲಿ ಇದೆಲ್ಲ ಕಣ್ಣೆದುರೇ ಇರುತ್ತೆ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕೆಮಿಕಲ್ ನಾಲ್ಕೂ ಬ್ರಾಂಚಿನವರಿಗೆ ಒಂದೇ ಗಾಡಿಯಲ್ಲಿ ಪಾಠ ಸಿಗುತ್ತೆ ಅಂತ ಈ ಸಲ ಈ ವಿಷಯ ಹಿಡಿದಿದ್ದೀವಿ. ಇನ್ವರ್ಟರ್, ಟ್ಯಾಂಕ್, ವಾಲ್ವ್ ಮುಂತಾದ ಮಾತುಗಳಿಗೆ ಹೊಸ ಕನ್ನಡ ಪದ ಹುಡುಕುತ್ತ ಕೂತಿಲ್ಲ. ಲ್ಯಾಬಿನಲ್ಲಿ ಹೇಗೆ ಹೇಳ್ತೀವೋ ಹಾಗೇ ಬರೆದಿದ್ದೀವಿ.

1. ಗಾಡಿಯಲ್ಲಿ ಎಷ್ಟು ಬಗೆ?

ಮುಖ್ಯವಾಗಿ ಎರಡು. ಎಂಜಿನ್ ತನ್ನಲ್ಲೇ ಇರೋದು ಮೋಟರ್‌ಹೋಮ್: ಬಸ್ಸಿನಷ್ಟು ದೊಡ್ಡದು ಕ್ಲಾಸ್ ಎ, ವ್ಯಾನ್ ಒಳಗೇ ಮನೆ ಕಟ್ಟಿದ್ದು ಕ್ಲಾಸ್ ಬಿ, ಟ್ರಕ್ಕಿನ ಚಾಸಿ ಮೇಲೆ ಡ್ರೈವರ್ ತಲೆಯ ಮೇಲೂ ಹಾಸಿಗೆ ಇರೋದು ಕ್ಲಾಸ್ ಸಿ. ಎಂಜಿನ್ ಇಲ್ಲದೆ ಎಳೆಸಿಕೊಂಡು ಹೋಗೋದು ಟ್ರೇಲರ್. ಅದರಲ್ಲೂ ಗಾಡಿಯ ಹಿಂದಿನ ಬಂಪರ್ ಕಡೆಗೆ ಸಿಕ್ಕಿಸೋದು ಟ್ರಾವೆಲ್ ಟ್ರೇಲರ್. ಪಿಕಪ್ ಟ್ರಕ್ಕಿನ ಹಿಂದಿನ ಆಕ್ಸಲ್ ಮೇಲೆ ಕೂರೋದು ಫಿಫ್ತ್ ವೀಲ್. ಈ ಉದ್ಯಮದ ರಾಜಧಾನಿ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಪಟ್ಟಣ.

ಪಾಠಕ್ಕೆ ಒಂದು ಉದಾಹರಣೆ ಬೇಕಲ್ಲ? ಇಬ್ಬರು ವಾಸಿಸೋ ಒಂದು ಟ್ರಾವೆಲ್ ಟ್ರೇಲರ್ ಇಟ್ಟುಕೊಳ್ಳೋಣ. ಜಾಗ ಅರಿಜೋನಾ ರಾಜ್ಯದ ಕ್ವಾರ್ಟ್‌ಜೈಟ್ ಎಂಬ ಮರುಭೂಮಿ ಊರಿನ ಹೊರಗೆ. ತಿಂಗಳು ಡಿಸೆಂಬರ್. ಚಳಿಗಾಲದಲ್ಲಿ ಉತ್ತರದ ರಾಜ್ಯಗಳಿಂದ ಆರ್‌ವಿಗಳು ಇಲ್ಲಿಗೆ ಸಾಲುಗಟ್ಟಿ ಬರುತ್ತವೆ. ಸುತ್ತಲಿನ ನೆಲದಲ್ಲಿ ಹೆಚ್ಚಿನದು ಕೇಂದ್ರ ಸರ್ಕಾರದ್ದು. ನೋಡಿಕೊಳ್ಳೋದು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್. ಇಂಥ ನೆಲದಲ್ಲಿ ಸಾಮಾನ್ಯವಾಗಿ 14 ದಿನ ಉಚಿತವಾಗಿ ತಂಗಬಹುದು, ಆಮೇಲೆ ಬೇರೆ ಕಡೆ ಹೋಗಬೇಕು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇರಬೇಕಂದ್ರೆ ಶುಲ್ಕ ಕಟ್ಟಿ ಇರೋ ಬೇರೆ ಪ್ರದೇಶಗಳೂ ಇವೆ. ನಮ್ಮ ಲೆಕ್ಕಕ್ಕೆ ಆ ಉಚಿತ 14 ದಿನ ಸಾಕು. ನಲ್ಲಿ ಇಲ್ಲ, ಪ್ಲಗ್ ಇಲ್ಲ, ಚರಂಡಿ ಇಲ್ಲ.

2. ತೂಕ: ಎಷ್ಟು ಹೊರಬಹುದು?

ಟ್ರೇಲರ್ ಮೇಲೆ ಅಂಟಿಸಿದ ಚೀಟಿಯಲ್ಲಿ ಎರಡು ಸಂಖ್ಯೆ ನೋಡಬೇಕು. ಒಂದು, ಸಾಮಾನು ತುಂಬಿದ ಮೇಲೆ ಮೀರಬಾರದ ಒಟ್ಟು ತೂಕ. ಇನ್ನೊಂದು, ಖಾಲಿ ತೂಕ. ನಮ್ಮ ಟ್ರೇಲರ್‌ಗೆ ಅವು 3,200 ಕಿಲೋ ಮತ್ತು 2,600 ಕಿಲೋ ಅಂತಿರಲಿ. ಹಾಗಾದರೆ ಇಬ್ಬರ ಇಡೀ ಸಂಸಾರ 600 ಕಿಲೋದಲ್ಲಿ ಮುಗೀಬೇಕು.

ತುಂಬಿಸೋಣ. ನೀರಿನ ಟ್ಯಾಂಕ್ 150 ಲೀಟರ್, ಅಂದ್ರೆ 150 ಕಿಲೋ. ದಿನಸಿ, ಪಾತ್ರೆ 100. ಬಟ್ಟೆ, ಹಾಸಿಗೆ, ಪುಸ್ತಕ 120. ಟೂಲ್ಸ್, ಪೈಪು, ಕುರ್ಚಿ 90. ಬ್ಯಾಟರಿ, ಸೋಲಾರ್ ಪ್ಯಾನೆಲ್ 80. ಒಟ್ಟು 540. ಉಳಿದಿದ್ದು 60 ಕಿಲೋ ಅಷ್ಟೇ. ರಜೆಗೆ ನಾಲ್ಕು ದಿನ ಹೋಗೋರಿಗೆ ಈ ಲೆಕ್ಕ ಬೇಕಾಗಲ್ಲ. ವರ್ಷಗಟ್ಟಲೆ ಇರೋರು ತಿಂಗಳಿಗೊಂದು ವಸ್ತು ಸೇರಿಸ್ತಾ ಹೋದರೆ ಮಿತಿ ದಾಟಿದ್ದೇ ಗೊತ್ತಾಗಲ್ಲ. ಭಾರ ಹೆಚ್ಚಾದ ಟಯರ್ ಹೆಚ್ಚು ಬಗ್ಗುತ್ತೆ, ಬಗ್ಗಿದಷ್ಟೂ ಬಿಸಿಯಾಗುತ್ತೆ, ಬಿಸಿಯಾದ ಟಯರ್ ಹೆದ್ದಾರಿಯಲ್ಲಿ ಸಿಡಿಯುತ್ತೆ. ಆಗ ರಸ್ತೆ ಮೇಲೆ ಉರುಳೋದು ಮನೆಯೇ. ಅದಕ್ಕೇ ಅನುಭವಸ್ಥರು ಲಾರಿ ತೂಗೋ ತಕ್ಕಡಿಗೆ ಗಾಡಿ ಹತ್ತಿಸಿ ನೋಡ್ತಾರೆ.

ಒಟ್ಟು ತೂಕದಷ್ಟೇ ಮುಖ್ಯ ಅದು ಎಲ್ಲಿ ಕೂತಿದೆ ಅನ್ನೋದು. ಟ್ರಾವೆಲ್ ಟ್ರೇಲರ್‌ನ ಒಟ್ಟು ತೂಕದಲ್ಲಿ 10ರಿಂದ 15 ಶೇಕಡಾ ಮುಂದಿನ ಕೊಂಡಿಯ ಮೇಲೆ ಬೀಳಬೇಕು. ನಮ್ಮ 3,200 ಕಿಲೋಗೆ ಅದು 320ರಿಂದ 480 ಕಿಲೋ. ಹಿಂಭಾರ ಜಾಸ್ತಿಯಾದರೆ ಟ್ರೇಲರ್ ಬಾಲ ಅಲ್ಲಾಡಿಸೋಕೆ ಶುರು ಮಾಡುತ್ತೆ. ವೈಬ್ರೇಷನ್ಸ್ ಓದಿದವರಿಗೆ ಕಾರಣ ಗೊತ್ತು: ವೇಗ ಹೆಚ್ಚಿದಷ್ಟೂ ಈ ಅಲುಗಾಟದ ಡ್ಯಾಂಪಿಂಗ್ ಕಡಿಮೆಯಾಗುತ್ತೆ, ಒಂದು ವೇಗ ದಾಟಿದ ಮೇಲೆ ಅದು ತಾನಾಗಿ ನಿಲ್ಲಲ್ಲ, ಬೆಳೀತಾ ಹೋಗುತ್ತೆ.

ಇಲ್ಲೊಂದು ಸೂಕ್ಷ್ಮ ಇದೆ. ಪಾತ್ರೆ ತೊಳೆದ ನೀರು ಗಾಡಿಯಿಂದ ಹೊರಗೆ ಹೋಗಲಿಲ್ಲ, ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಹೋಯ್ತು. ಒಟ್ಟು ತೂಕ ಹೆಚ್ಚುಕಡಿಮೆ ಅಷ್ಟೇ. ಆದರೆ ಆ ಎರಡು ಟ್ಯಾಂಕ್ ಬೇರೆ ಬೇರೆ ಜಾಗದಲ್ಲಿದ್ದರೆ ಕೊಂಡಿಯ ಮೇಲಿನ ಭಾರ ಬದಲಾಯ್ತು. ಬರುವಾಗ ನೆಟ್ಟಗೆ ಬಂದ ಟ್ರೇಲರ್ ಹೋಗುವಾಗ ಅಲ್ಲಾಡಿದರೆ ಇದನ್ನೂ ಪರೀಕ್ಷಿಸಬೇಕು.

3. ನೀರು: ಮೂರು ಟ್ಯಾಂಕಿನ ಕಥೆ

ಆರ್‌ವಿಯಲ್ಲಿ ಮೂರು ಟ್ಯಾಂಕ್ ಇರುತ್ತವೆ. ಒಳ್ಳೆ ನೀರಿನದು ಫ್ರೆಶ್. ಸಿಂಕು, ಸ್ನಾನದ ನೀರು ಸೇರೋದು ಗ್ರೇ. ಟಾಯ್ಲೆಟ್ಟಿನದು ಬ್ಲ್ಯಾಕ್.

ಸಿವಿಲ್‌ನವರು ನಗರದ ನೀರು ಪೂರೈಕೆಗೆ ತಲೆಗೆ ದಿನಕ್ಕೆ 135 ಲೀಟರ್ ಅಂತ ಹಿಡೀತಾರೆ. ಆ ಲೆಕ್ಕದಲ್ಲಿ ಇಬ್ಬರಿಗೆ ದಿನಕ್ಕೆ 270 ಲೀಟರ್. ನಮ್ಮ 150 ಲೀಟರ್ ಟ್ಯಾಂಕ್ ಬೆಳಿಗ್ಗೆ ತುಂಬಿಸಿದರೆ ರಾತ್ರಿ ಊಟದ ಹೊತ್ತಿಗೆ ಖಾಲಿ. ಅದನ್ನೇ 14 ದಿನ ಎಳೆಯಬೇಕಂದ್ರೆ ಒಬ್ಬರಿಗೆ ದಿನಕ್ಕೆ 5.4 ಲೀಟರ್. ಕುಡಿಯೋದು, ಅಡುಗೆ, ಪಾತ್ರೆ, ಮೈ ತೊಳೆಯೋದು, ಟಾಯ್ಲೆಟ್ ಎಲ್ಲ ಸೇರಿ!

ಅಮೆರಿಕದ ಕೇಂದ್ರ ನಿಯಮದ ಪ್ರಕಾರ ಶವರ್‌ನ ಗರಿಷ್ಠ ಹರಿವು ನಿಮಿಷಕ್ಕೆ 2.5 ಗ್ಯಾಲನ್, ಅಂದ್ರೆ ಸುಮಾರು 9.5 ಲೀಟರ್. ಹಾಡು ಹೇಳ್ಕೊಂಡು 10 ನಿಮಿಷ ನಿಂತರೆ 95 ಲೀಟರ್ ಹೋಯ್ತು. ಆದ್ದರಿಂದ ಮೈ ನೆನೆಸಿ, ನೀರು ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ತಿರುಗಿಸಿ ತೊಳೆಯೋ ನೌಕಾಪಡೆಯ ಕ್ರಮ ಇಲ್ಲಿ ಸಾಮಾನ್ಯ. ಅದಕ್ಕಿಂತ ನಮ್ಮ ಬಕೆಟ್ಟು-ಚೊಂಬು ಪದ್ಧತಿ ಇನ್ನೂ ಮೇಲು: ಎಷ್ಟು ಬಳಸಿದ್ವಿ ಅಂತ ಕಣ್ಣಿಗೆ ಕಾಣುತ್ತೆ. ಇಷ್ಟೆಲ್ಲ ಮಾಡಿದರೂ ಬಹಳ ಜನ 14 ದಿನದ ಮಧ್ಯೆ ಕ್ಯಾನ್ ತಗೊಂಡು ಊರಿಗೆ ಹೋಗಿ ನೀರು ತರ್ತಾರೆ.

ಹೊರಹೋಗೋ ಕಡೆ ಇನ್ನೂ ಮಜವಾದ ಪಾಠ ಇದೆ. ಪೂರ್ತಿ ಸೌಕರ್ಯ ಇರೋ ಕ್ಯಾಂಪ್‌ಗ್ರೌಂಡಿನಲ್ಲಿ ಚರಂಡಿಗೆ ಪೈಪು ಜೋಡಿಸಿರ್ತಾರೆ. ಹೊಸಬರು ಬ್ಲ್ಯಾಕ್ ಟ್ಯಾಂಕಿನ ವಾಲ್ವ್ ತೆರೆದೇ ಬಿಟ್ಟರೆ ಆಯ್ತು, ತಾನಾಗಿ ಹರಿದುಹೋಗುತ್ತೆ ಅಂದುಕೊಳ್ತಾರೆ. ದ್ರವ ಹರಿದುಹೋಗುತ್ತೆ, ಘನ ಅಲ್ಲೇ ಉಳಿಯುತ್ತೆ. ದಿನ ಕಳೆದ ಹಾಗೆ ಟಾಯ್ಲೆಟ್ಟಿನ ನೇರ ಕೆಳಗೆ ಅದು ಒಣಗಿ ಗುಡ್ಡವಾಗುತ್ತೆ. ಅಲ್ಲಿನವರು ಅದಕ್ಕೆ ‘ಪಿರಮಿಡ್’ ಅಂತಲೇ ಕರೀತಾರೆ. ಅದನ್ನು ತೆಗೆಯೋ ಕೆಲಸ ಯಾರಿಗೂ ಬೇಡ. ಸರಿಯಾದ ಕ್ರಮ: ವಾಲ್ವ್ ಮುಚ್ಚಿಡಬೇಕು, ನೀರು ಧಾರಾಳವಾಗಿ ಹಾಕಬೇಕು, ಟ್ಯಾಂಕ್ ತುಂಬುತ್ತ ಬಂದ ಮೇಲೆ ಒಮ್ಮೆಲೇ ಬಿಡಬೇಕು. ಆ ರಭಸವೇ ಘನವನ್ನು ಎಳೆದುಕೊಂಡು ಹೋಗುತ್ತೆ. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಸೋಪಿನ ನೀರು ಪೈಪನ್ನೂ ತೊಳೆದುಬಿಡುತ್ತೆ.

4. ಕರೆಂಟು: ಪ್ಯಾನೆಲ್ ಮಲಗಿದೆಯೋ, ಎದ್ದಿದೆಯೋ?

ಮೊದಲು ಒಂದು ಚಿಕ್ಕ ಪ್ರಶ್ನೆ. ಕ್ಯಾಂಪ್‌ಗ್ರೌಂಡಿನಲ್ಲಿ 30 ಆಂಪ್ ಮತ್ತು 50 ಆಂಪ್ ಅಂತ ಎರಡು ಬಗೆ ಪ್ಲಗ್ ಇರುತ್ತವೆ. ಎರಡನೆಯದು ಮೊದಲನೆಯದರ ಎಷ್ಟು ಪಟ್ಟು? 1.67 ಅಂದ್ರೆ ತಪ್ಪು. 30 ಆಂಪಿನದು 120 ವೋಲ್ಟಿನ ಒಂದೇ ಲೈನು: 3,600 ವ್ಯಾಟ್. 50 ಆಂಪಿನದರಲ್ಲಿ 120 ವೋಲ್ಟಿನ ಎರಡು ಲೈನು, ಪ್ರತಿಯೊಂದರಲ್ಲೂ 50 ಆಂಪ್: ಒಟ್ಟು 12,000 ವ್ಯಾಟ್. ಅಂದ್ರೆ 3.33 ಪಟ್ಟು.

ಮರುಭೂಮಿಯಲ್ಲಿ ಎರಡೂ ಇಲ್ಲ. ಬ್ಯಾಟರಿ, ಸೋಲಾರ್ ಇಷ್ಟೇ. ಇಬ್ಬರೂ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡೋರು ಅಂತಿಟ್ಟುಕೊಂಡು ದಿನದ ಖರ್ಚು ಬರೆಯೋಣ, ವ್ಯಾಟ್-ಗಂಟೆಯಲ್ಲಿ:

ಫ್ರಿಜ್: 600
ಹೀಟರಿನ ಬ್ಲೋವರ್, 90 ವ್ಯಾಟ್, 5 ಗಂಟೆ: 450
ಎರಡು ಲ್ಯಾಪ್‌ಟಾಪ್, ತಲಾ 50 ವ್ಯಾಟ್, 6 ಗಂಟೆ: 600
ಉಪಗ್ರಹ ಇಂಟರ್ನೆಟ್, 60 ವ್ಯಾಟ್, 10 ಗಂಟೆ: 600
ಎಲ್‌ಇಡಿ ದೀಪ: 150
ನೀರಿನ ಪಂಪ್: 20
ಫೋನ್, ಡಿಟೆಕ್ಟರ್, ಇತರೆ: 130

ಒಟ್ಟು 2,550. ಇನ್ವರ್ಟರ್ ನಷ್ಟ ಸೇರಿಸಿ 2,700 ಅಂತ ಹಿಡಿಯೋಣ. ನೋಡಿ, ದೀಪಕ್ಕಿಂತ ಇಂಟರ್ನೆಟ್ಟಿಗೆ ನಾಲ್ಕು ಪಟ್ಟು!

ಸೂರೆ ಮೇಲೆ 800 ವ್ಯಾಟ್ ಪ್ಯಾನೆಲ್ ಇದೆ. ಮರುಭೂಮಿ, ಮೋಡ ಇಲ್ಲ, ಸಾಕಲ್ವಾ? ಸಾಲದು. ಕ್ವಾರ್ಟ್‌ಜೈಟ್ ಇರೋದು ಸುಮಾರು 33.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ಮಧ್ಯಾಹ್ನ ಸೂರ್ಯನ ಎತ್ತರ 90 − 33.7 − 23.4 = 32.9 ಡಿಗ್ರಿ. ಚಪ್ಪಟೆಯಾಗಿ ಮಲಗಿರೋ ಪ್ಯಾನೆಲ್‌ಗೆ ಬೀಳೋ ನೇರ ಬಿಸಿಲು ಅದರ ಸೈನ್‌ನಷ್ಟು, ಅಂದ್ರೆ 0.54. ಮಧ್ಯಾಹ್ನದ ಸೂರ್ಯನಲ್ಲೂ ಅರ್ಧದಷ್ಟು ಮಾತ್ರ. ಅದೇ ದಿನ 13 ಡಿಗ್ರಿಯಲ್ಲಿರೋ ಬೆಂಗಳೂರಿನಲ್ಲಿ ಸೂರ್ಯ 53.6 ಡಿಗ್ರಿ ಎತ್ತರದಲ್ಲಿ, ಸೈನ್ 0.80. ನಾವು ಎಷ್ಟು ಪುಣ್ಯವಂತರು ಅಂತ ಇದರಲ್ಲೇ ಗೊತ್ತಾಗುತ್ತೆ.

ಆ ಭಾಗದಲ್ಲಿ ಡಿಸೆಂಬರ್‌ನಲ್ಲಿ ಮಲಗಿದ ಪ್ಯಾನೆಲ್‌ಗೆ ದಿನಕ್ಕೆ ಸುಮಾರು 3 ಗಂಟೆಯ ಪೂರ್ಣ ಬಿಸಿಲಿನಷ್ಟು ಶಕ್ತಿ ಸಿಗುತ್ತೆ. ದಕ್ಷಿಣಕ್ಕೆ ಮುಖಮಾಡಿ ಎತ್ತಿ ನಿಲ್ಲಿಸಿದರೆ ಸುಮಾರು 5. ವೈರು, ಬಿಸಿ, ಧೂಳಿನ ನಷ್ಟಕ್ಕೆ 0.75ರಿಂದ ಗುಣಿಸೋಣ.

ಮಲಗಿದ್ದರೆ: 800 × 3 × 0.75 = 1,800
ಎತ್ತಿದರೆ: 800 × 5 × 0.75 = 3,000

ಬೇಕಾಗಿದ್ದು 2,700. ಒಂದೇ ಪ್ಯಾನೆಲ್, ಒಂದೇ ಸೂರ್ಯ. ಸೂರು ಹತ್ತಿ ನಾಲ್ಕು ಕಾಲು ಎತ್ತಿ ನಿಲ್ಲಿಸಿದವರ ಮನೆಯಲ್ಲಿ ಫ್ರಿಜ್ ಓಡುತ್ತೆ, ಸೋಮಾರಿತನ ಮಾಡಿದವರ ಮನೆಯಲ್ಲಿ ದಿನಕ್ಕೆ 900 ವ್ಯಾಟ್-ಗಂಟೆ ಸಾಲ ಬೀಳುತ್ತೆ.

ಈಗ ಬ್ಯಾಟರಿ. 12 ವೋಲ್ಟಿನ 100 ಆಂಪಿಯರ್-ಗಂಟೆಯ ಎರಡು ಲೆಡ್-ಆಸಿಡ್ ಬ್ಯಾಟರಿಯಲ್ಲಿ 2,400 ವ್ಯಾಟ್-ಗಂಟೆ ಇದ್ದರೂ, ಬಾಳಿಕೆ ಬರಬೇಕಂದ್ರೆ ಅರ್ಧ ಮಾತ್ರ ತೆಗೀಬೇಕು: 1,200. ಅಷ್ಟೇ ಅಳತೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 2,560 ಇರುತ್ತೆ, ಬಹುಪಾಲು ಬಳಸಬಹುದು, ತೂಕ ಅರ್ಧಕ್ಕಿಂತ ಕಡಿಮೆ. ಈ ವಸ್ತುವನ್ನು ಬ್ಯಾಟರಿಗೆ ತಂದ 1997ರ ಪ್ರಬಂಧದ ಲೇಖಕರು ಮೂವರು: ಎ.ಕೆ. ಪಾಧಿ, ಕೆ.ಎಸ್. ನಂಜುಂಡಸ್ವಾಮಿ ಮತ್ತು ಜೆ.ಬಿ. ಗುಡ್‌ಇನಫ್. ಗುಡ್‌ಇನಫ್ ಅವರಿಗೆ ಲಿಥಿಯಂ-ಅಯಾನ್ ಬ್ಯಾಟರಿ ಕೆಲಸಕ್ಕಾಗಿ 2019ರಲ್ಲಿ ನೊಬೆಲ್ ಬಂತು. ಉಳಿದ ಎರಡು ಹೆಸರುಗಳನ್ನೂ ನಾವು ನೆನಪಿಟ್ಟುಕೊಳ್ಳಬೇಕು. ಒಂದು ಎಚ್ಚರಿಕೆ: ಸೊನ್ನೆ ಡಿಗ್ರಿಗಿಂತ ಕೆಳಗೆ ಇದನ್ನು ಚಾರ್ಜ್ ಮಾಡಬಾರದು. ಲಿಥಿಯಂ ಗ್ರಾಫೈಟ್ ಒಳಗೆ ಹೋಗದೆ ಮೇಲೆ ಲೋಹವಾಗಿ ಕೂತು ಸೆಲ್ ಹಾಳಾಗುತ್ತೆ.

ಏಸಿ? ಸೂರೆಯ ಏಸಿ ಸುಮಾರು 1,400 ವ್ಯಾಟ್ ಎಳೆಯುತ್ತೆ. ನಮ್ಮ ಬ್ಯಾಟರಿ ಎರಡು ಗಂಟೆಯೂ ಬರಲ್ಲ. ಹಾಗಾಗಿ ಫುಲ್‌ಟೈಮರ್‌ಗಳು ಹವೆಯನ್ನು ಬದಲಾಯಿಸೋಕೆ ಹೋಗಲ್ಲ, ತಾವೇ ಹವೆಯ ಹಿಂದೆ ಹೋಗ್ತಾರೆ: ಬೇಸಿಗೆಗೆ ಉತ್ತರ, ಚಳಿಗೆ ದಕ್ಷಿಣ. ‘ಸ್ನೋಬರ್ಡ್’ ಅನ್ನೋ ಹೆಸರು ಬಂದಿದ್ದೇ ಹಾಗೆ.

5. ಗ್ಯಾಸು, ಬಿಸಿ ಮತ್ತು ಗೋಡೆಯ ಮೇಲಿನ ನೀರು

ನಮ್ಮ ಅಡುಗೆಮನೆಯ ಎಲ್‌ಪಿಜಿಯಲ್ಲಿ ಪ್ರೊಪೇನ್, ಬ್ಯೂಟೇನ್ ಎರಡೂ ಇರುತ್ತವೆ. ಬ್ಯೂಟೇನ್ ಕುದಿಯೋದು −0.5 ಡಿಗ್ರಿಯಲ್ಲಿ, ಹಿಮ ಬೀಳೋ ಊರಿನಲ್ಲಿ ಅದು ಸಿಲಿಂಡರಿನೊಳಗೆ ದ್ರವವಾಗೇ ಕೂತುಬಿಡುತ್ತೆ. ಪ್ರೊಪೇನ್ −42 ಡಿಗ್ರಿಯಲ್ಲೂ ಆವಿಯಾಗುತ್ತೆ. ಆರ್‌ವಿಗಳಲ್ಲಿ ಪ್ರೊಪೇನ್ ಬಳಸೋದು ಇದಕ್ಕೇ.

ಸಾಮಾನ್ಯ ಸಿಲಿಂಡರ್ 9 ಕಿಲೋ (ನಮ್ಮದು 14.2). ಕಿಲೋಗೆ 50 ಮೆಗಾಜೂಲ್ ಹಿಡಿದರೆ 450 ಮೆಗಾಜೂಲ್, ಅಂದ್ರೆ 125 ಕಿಲೋವ್ಯಾಟ್-ಗಂಟೆ. ನಮ್ಮ ಲಿಥಿಯಂ ಬ್ಯಾಟರಿಯ 49 ಪಟ್ಟು! ಬಿಸಿಗೆ ಗ್ಯಾಸೇ ಯಾಕೆ ಅನ್ನೋದಕ್ಕೆ ಬೇರೆ ಉತ್ತರ ಬೇಡ. ಆದರೆ 8.8 ಕಿಲೋವ್ಯಾಟ್‌ನ ಹೀಟರ್ ದಿನಕ್ಕೆ 5 ಗಂಟೆ ಉರಿದರೆ ಒಂದು ಸಿಲಿಂಡರ್ ಮೂರು ದಿನವೂ ಬರಲ್ಲ. 14 ದಿನಕ್ಕೆ ಐದು ಬೇಕು. ರಜಾಯಿ ಹೊದ್ದು ಥರ್ಮೋಸ್ಟಾಟ್ ಇಳಿಸೋದೇ ದಾರಿ. ಇನ್ನೊಂದು: ಬ್ಯಾಟರಿ ಸತ್ತರೆ ಬ್ಲೋವರ್ ನಿಂತು, ಸಿಲಿಂಡರ್ ತುಂಬ ಗ್ಯಾಸ್ ಇದ್ದರೂ ಬಿಸಿ ಬರಲ್ಲ.

ಹಳೆ ಆರ್‌ವಿಗಳ ಫ್ರಿಜ್ ಕೂಡ ಗ್ಯಾಸಿನಲ್ಲೇ ಓಡುತ್ತೆ. ಬೆಂಕಿ ಹಚ್ಚಿ ಐಸ್ ಮಾಡೋ ಈ ಯಂತ್ರದಲ್ಲಿ ಅಮೋನಿಯಾ, ನೀರು, ಹೈಡ್ರೋಜನ್ ಇರುತ್ತವೆ, ತಿರುಗೋ ಭಾಗ ಒಂದೂ ಇಲ್ಲ. 1922ರಲ್ಲಿ ಇದನ್ನು ಮಾಡಿದವರು ಸ್ಟಾಕ್‌ಹೋಮಿನ ಇಂಜಿನಿಯರಿಂಗ್ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಜಾರ್ ಫಾನ್ ಪ್ಲಾಟನ್ ಮತ್ತು ಕಾರ್ಲ್ ಮುಂಟರ್ಸ್. ಹೌದು, ನಮ್ಮ ಹಾಗೇ ಸ್ಟೂಡೆಂಟ್ಸ್! ದ್ರವ ಗುರುತ್ವದಿಂದಲೇ ಹರಿಯೋದರಿಂದ ಗಾಡಿ ಸಮತಟ್ಟಾಗಿ ನಿಲ್ಲಬೇಕು. ಓರೆಯಾಗಿ ನಿಲ್ಲಿಸಿ ಓಡಿಸಿದರೆ ಫ್ರಿಜ್ ಕೆಡುತ್ತೆ.

ಈಗ ಅಪಾಯದ ಮಾತು. 44 ಗ್ರಾಂ ಪ್ರೊಪೇನ್ ಉರಿದರೆ 72 ಗ್ರಾಂ ನೀರಾವಿ ಹುಟ್ಟುತ್ತೆ. ಅಂದ್ರೆ 1 ಕಿಲೋ ಉರಿಸಿದರೆ 1.6 ಕಿಲೋ ನೀರು. ಆರ್‌ವಿಯ ಒಳಗೇ ಕೂರಿಸಿದ ಫರ್ನೇಸ್ ಗಾಳಿಯನ್ನು ಹೊರಗಿಂದ ಎಳೆದು ಹೊಗೆಯನ್ನು ಹೊರಗೇ ಬಿಡುತ್ತೆ. ಅದು ಬ್ಯಾಟರಿ ತಿನ್ನುತ್ತೆ ಅಂತ ಕೆಲವರು ಚಿಮಣಿ ಇಲ್ಲದ ಚಿಕ್ಕ ಹೀಟರ್ ಒಳಗಿಡ್ತಾರೆ, ಒಲೆ ಹಚ್ಚಿ ಬಿಡೋರೂ ಇದ್ದಾರೆ. ನೀರಾವಿ ತಣ್ಣನೆ ಕಿಟಕಿ, ಗೋಡೆ ಮೇಲೆ ಕೂತು ಪ್ಲೈವುಡ್ ಕೊಳೆಯುತ್ತೆ, ಬೂಸ್ಟು ಹಿಡಿಯುತ್ತೆ. ಅದಕ್ಕಿಂತ ಕೆಟ್ಟದ್ದು: ಮುಚ್ಚಿದ ಪೆಟ್ಟಿಗೆಯಲ್ಲಿ ಆಮ್ಲಜನಕ ಇಳಿದ ಹಾಗೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರು ಏಳಲ್ಲ. ಕಿಟಕಿ ಸ್ವಲ್ಪ ತೆರೆದಿರಬೇಕು, ಡಿಟೆಕ್ಟರ್ ಕೆಲಸ ಮಾಡ್ತಿರಬೇಕು, ಇಂಥ ಹೀಟರ್ ಹಚ್ಚಿಟ್ಟು ಮಲಗಬಾರದು. ಗೀಸರ್ ಗ್ಯಾಸಿನದಾಗಿರೋ ಬಾತ್‌ರೂಮಿಗೂ, ಕೋಣೆಯಲ್ಲಿ ಇದ್ದಿಲು ಉರಿಸೋರಿಗೂ ಇದೇ ಪಾಠ.

6. ವಿಳಾಸ ಎಲ್ಲಿಯದು?

ಇಂಜಿನಿಯರಿಂಗ್ ಎಲ್ಲ ಸರಿಹೋದರೂ ಒಂದು ಪ್ರಶ್ನೆ ಉಳಿಯುತ್ತೆ: ಫಾರಂನಲ್ಲಿ ‘ಖಾಯಂ ವಿಳಾಸ’ ಅಂದಲ್ಲಿ ಏನು ಬರೀಬೇಕು? ಲೈಸೆನ್ಸ್, ವಿಮೆ, ತೆರಿಗೆ, ಮತ ಎಲ್ಲದಕ್ಕೂ ಒಂದು ರಾಜ್ಯ ಬೇಕು. ಹೆಚ್ಚಿನವರು ಆರಿಸೋದು ದಕ್ಷಿಣ ಡಕೋಟಾ, ಟೆಕ್ಸಸ್, ಫ್ಲಾರಿಡಾ. ಮೂರರಲ್ಲೂ ರಾಜ್ಯದ ವೈಯಕ್ತಿಕ ಆದಾಯ ತೆರಿಗೆ ಇಲ್ಲ, ಅಂಚೆ ಪಡೆದು ಮುಂದಕ್ಕೆ ಕಳಿಸೋ ಸಂಸ್ಥೆಗಳಿವೆ. 1978ರಲ್ಲಿ ಶುರುವಾದ ಎಸ್ಕೇಪೀಸ್ ಕ್ಲಬ್ ಟೆಕ್ಸಸ್‌ನ ಲಿವಿಂಗ್‌ಸ್ಟನ್‌ನಿಂದ ಈ ಸೇವೆ ಕೊಡುತ್ತೆ. ವಾರಂಟಿಯೂ ಓದಿಕೊಳ್ಳಬೇಕು: ಪೂರ್ಣಾವಧಿ ವಾಸಕ್ಕೆ ಬಳಸಿದರೆ ಅನ್ವಯಿಸಲ್ಲ ಅನ್ನೋ ಷರತ್ತು ಅನೇಕ ತಯಾರಕರ ಪತ್ರದಲ್ಲಿರುತ್ತೆ. ರಜೆಗೆಂದು ಮಾಡಿದ ವಸ್ತು, ಬದುಕಿಗೆಂದು ಬಳಕೆ. ನಡುವಿನ ಅಂತರವನ್ನು ತುಂಬೋದು ವಾಸಿಸೋರ ಜೇಬು.

ಯಾರು ಹೀಗೆ ಬದುಕೋರು? ನಿವೃತ್ತರು, ಎಲ್ಲಿಂದಾದರೂ ಕೋಡ್ ಬರೆಯೋರು, ಊರೂರು ಸುತ್ತಿ ಕೆಲಸ ಮಾಡೋ ನರ್ಸ್‌ಗಳು, ಕಟ್ಟಡದ ಕೆಲಸದವರು. ಇನ್ನೊಂದು ಗುಂಪೂ ಇದೆ. ಜೆಸಿಕಾ ಬ್ರೂಡರ್ ಅವರ 2017ರ ಪುಸ್ತಕ ‘ನೊಮ್ಯಾಡ್‌ಲ್ಯಾಂಡ್’ ಬರೆದಿದ್ದು ಅವರ ಬಗ್ಗೆ: 2008ರ ಆರ್ಥಿಕ ಕುಸಿತದ ನಂತರ ಮನೆಯ ಖರ್ಚು ಹೊರಲಾರದೆ ವ್ಯಾನ್ ಹತ್ತಿದ ವಯಸ್ಸಾದವರು, ಸಕ್ಕರೆ ಬೀಟ್ ಕಟಾವು, ಗೋದಾಮಿನ ಕೆಲಸ, ಕ್ಯಾಂಪ್‌ಗ್ರೌಂಡ್ ಕಾಯೋದು ಅಂತ ಋತುವಿನ ಹಿಂದೆ ಅಲೆಯೋರು. ಅದೇ ಪುಸ್ತಕ ಆಧರಿಸಿ ಕ್ಲೋಯಿ ಝಾವ್ ಮಾಡಿದ ಚಿತ್ರಕ್ಕೆ 2021ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು.

ಈ ಎರಡೂ ಗುಂಪಿಗೆ ಸಮೀಕರಣ ಒಂದೇ. ಬೇರೆ ಇರೋದು ಸುರಕ್ಷತೆಯ ಅಂತರ, ನಮ್ಮ ಭಾಷೆಯಲ್ಲಿ ಫ್ಯಾಕ್ಟರ್ ಆಫ್ ಸೇಫ್ಟಿ. ದುಡ್ಡಿದ್ದವರು 800 ವ್ಯಾಟ್ ಸಾಲದಿದ್ದರೆ ಇನ್ನೊಂದು ಪ್ಯಾನೆಲ್ ಹಾಕಿಸ್ತಾರೆ, ಟಯರ್ ಹಳೆಯದಾದರೆ ಬದಲಾಯಿಸ್ತಾರೆ. ಇಲ್ಲದವರು ಚಿಮಣಿ ಇಲ್ಲದ ಹೀಟರ್ ಹಚ್ಚಿ ಮಲಗ್ತಾರೆ. ಅಪಘಾತದ ವರದಿಯಲ್ಲಿ ಅದನ್ನು ಬಳಕೆದಾರರ ತಪ್ಪು ಅಂತ ಬರೆಯೋದು ಸುಲಭ. ನಾಳೆ ನಾವು ಡಿಸೈನ್ ಟೇಬಲ್ ಮುಂದೆ ಕೂತಾಗ, ಆ ಬಳಕೆದಾರರ ಕೈಯಲ್ಲಿ ಎಷ್ಟು ದುಡ್ಡು, ಎಷ್ಟು ಬ್ಯಾಟರಿ ಇತ್ತು ಅಂತಲೂ ಕೇಳಬೇಕು.

7. ನೀವೇ ಲೆಕ್ಕ ಹಾಕಿ

ಅ) ನಿಮ್ಮ ಹಾಸ್ಟೆಲ್ ಕೋಣೆಯ ಸುತ್ತ ಚುಕ್ಕೆಗೆರೆ ಎಳೆಯಿರಿ. ಒಂದು ದಿನಕ್ಕೆ ಒಳಗೆ ಬರೋ ಕರೆಂಟು, ನೀರು ಎಷ್ಟು? ಬಕೆಟ್ ಎಣಿಸಿ, ಪ್ರತಿ ಉಪಕರಣದ ಹಿಂದಿನ ವ್ಯಾಟ್ ಓದಿ.

ಆ) ಡಿಸೆಂಬರ್ 21ಕ್ಕೆ ಬೀದರ್ ಮತ್ತು ಚಾಮರಾಜನಗರದಲ್ಲಿ ಮಧ್ಯಾಹ್ನದ ಸೂರ್ಯನ ಎತ್ತರ ಎಷ್ಟು? ಮಲಗಿದ ಪ್ಯಾನೆಲ್‌ಗೆ ಯಾವ ಊರಿನಲ್ಲಿ ನಷ್ಟ ಹೆಚ್ಚು?

ಇ) ನಮ್ಮ ಉದಾಹರಣೆಯಲ್ಲಿ ಪ್ಯಾನೆಲ್ ಎತ್ತೋಕೆ ಆಗಲ್ಲ ಅಂತಿಟ್ಟುಕೊಳ್ಳಿ. 1,800 ವ್ಯಾಟ್-ಗಂಟೆಯಲ್ಲಿ ದಿನ ಕಳೀಬೇಕು. ಪಟ್ಟಿಯಲ್ಲಿ ಯಾವುದನ್ನು ಕಡಿಮೆ ಮಾಡ್ತೀರಿ? ಇಂಟರ್ನೆಟ್ಟೋ, ಬಿಸಿಯೋ, ಫ್ರಿಜ್ಜೋ? ಕಾರಣ ಬರೆಯಿರಿ.

ಮೂರನೆಯದಕ್ಕೆ ಒಂದೇ ಉತ್ತರ ಇಲ್ಲ. ರೂಮ್‌ಮೇಟ್ ಜೊತೆ ಕೂತು ಮಾಡಿ ನೋಡಿ. ಇಬ್ಬರ ಪಟ್ಟಿಯೂ ಒಂದೇ ಆಗಿದ್ದರೆ ನಮಗೆ ಆಶ್ಚರ್ಯ.